ಓರ್ಕಾ ಕಲಿತವರಿಗೆ ವಿಂಡೋಸ್ ಕೆಲಸ

ಕೇರಳದ ಸರ್ಕಾರಿ ಶಾಲೆಯ ಕಂಪ್ಯೂಟರ್ ಎಂದರೆ ಲಿನಕ್ಸ್. 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾಗಿ 2017ರಲ್ಲಿ ಕೈಟ್ ಎಂಬ ಹೆಸರಿನ ಸರ್ಕಾರಿ ಕಂಪನಿಯಾದ ಸಂಸ್ಥೆ, ಉಬುಂಟು ಆಧಾರದ ತನ್ನದೇ ಆವೃತ್ತಿಯನ್ನು ಶಾಲೆಗಳಿಗೆ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುವುದು ಅದರಲ್ಲೇ. ಹಾಗಾಗಿ ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಅಲ್ಲಿ ಮೊದಲು ಸಿಗುವ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, ಓರ್ಕಾ. ಓದು ಮುಗಿಸಿ ತಿರುವನಂತಪುರದ ಟೆಕ್ನೋಪಾರ್ಕಿಗೋ ಕೊಚ್ಚಿ ಕಾಕ್ಕನಾಡಿನ ಇನ್ಫೋಪಾರ್ಕಿಗೋ ಕೆಲಸ ಹುಡುಕಿ ಹೋದರೆ, ಮೇಜಿನ ಮೇಲೆ ಸಾಮಾನ್ಯವಾಗಿ ಕಾದಿರುವುದು ವಿಂಡೋಸ್. ಪೇಚಾಟ ಶುರುವಾಗುವುದು ಇಲ್ಲಿ.

ಲಿನಕ್ಸ್ ಪರ ಮಾತನಾಡುವವರದು ಬರೀ ಸಿದ್ಧಾಂತವಲ್ಲ. ಆಲ್ಟ್, ಸೂಪರ್, ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಉಬುಂಟು ಮಾತನಾಡತೊಡಗುತ್ತದೆ, ದುಡ್ಡಿಲ್ಲ, ಪರವಾನಗಿಯಿಲ್ಲ. ಕೇರಳದವರೇ ಉಬುಂಟು ಮೇಟ್ ಮೇಲೆ ಕಟ್ಟಿದ ಆಕ್ಸೆಸಿಬಲ್ ಕೋಕನಟ್‌ನಲ್ಲಿ ಓರ್ಕಾ ಮೊದಲೇ ಸಿದ್ಧವಾಗಿರುತ್ತದೆ. ಪುಸ್ತಕ ಸ್ಕ್ಯಾನ್ ಮಾಡಿ ಓದಿಸುವ ಲಿಯೋಸ್ ಇದೆ. ಎಫ್, ಡಿ, ಎಸ್, ಜೆ, ಕೆ, ಎಲ್ ಈ ಆರೇ ಕೀಲಿಗಳನ್ನು ಬ್ರೈಲ್ ಚುಕ್ಕಿಗಳಾಗಿಸಿ ಭಾರತೀಯ ಭಾಷೆ ಟೈಪಿಸುವ ಸೌಲಭ್ಯವಿದೆ. ಬ್ರೈಲ್ ಬಲ್ಲವರಿಗೆ ಹೊಸ ಕೀಲಿಮಣೆ ಕಲಿಯುವ ಗೋಳೇ ಇಲ್ಲ. ತಮ್ಮೂರಿನವರೇ ಮಾಡಿದ ತಂತ್ರಾಂಶ ಎಂಬ ಅಭಿಮಾನ ಬೇರೆ. ಇಂಥದ್ದೊಂದು ನಮ್ಮ ಕರ್ನಾಟಕದ ಶಾಲೆಗಳಿಗೂ ಇದ್ದಿದ್ದರೆ ಎಂದು ನನಗೂ ಹೊಟ್ಟೆಕಿಚ್ಚು.

ಆದರೆ ಓರ್ಕಾದ ಬೆನ್ನಿಗೆ ಇರುವ ಜನ ಬಹಳ ಕಡಿಮೆ. ಸನ್ ಕಂಪನಿಯಲ್ಲಿ ಹುಟ್ಟಿದ ಅದಕ್ಕೆ, 2010ರಲ್ಲಿ ಆ ಕಂಪನಿ ಒರಾಕಲ್ ಪಾಲಾದ ಮೇಲೆ ಆಸರೆ ತಪ್ಪಿತು. ನಂತರದ ವರ್ಷಗಳಲ್ಲಿ ಹೆಚ್ಚಿನ ಭಾರ ಜೋನ್‌ಮೇರಿ ಡಿಗ್ಸ್ ಒಬ್ಬರ ಹೆಗಲ ಮೇಲೆ ಬಿತ್ತು. ಲಿನಕ್ಸಿನ ಪರದೆಯ ವ್ಯವಸ್ಥೆ ಎಕ್ಸ್‌ನಿಂದ ವೇಲ್ಯಾಂಡ್‌ಗೆ ಬದಲಾದಾಗ ಓರ್ಕಾದ ಕೀಲಿಗಳೇ ಕೈಕೊಟ್ಟ ಪ್ರಸಂಗಗಳಿವೆ. ಕಣ್ಣಿದ್ದವರಿಗೆ ಅಪ್‌ಡೇಟ್ ಎಂದರೆ ಐಕಾನ್ ಜಾಗ ಬದಲಾಗಬಹುದು, ಅಷ್ಟೆ. ದೃಷ್ಟಿಯಿಲ್ಲದವರಿಗೆ ಯಂತ್ರವೇ ಮೂಕವಾಗಬಹುದು.

ವಿಂಡೋಸ್ ಎಂದರೆ ದುಬಾರಿ ಎಂಬ ಹಳೆಯ ಆಕ್ಷೇಪ ಈಗ ಅರ್ಧ ಮಾತ್ರ ನಿಜ. ವಿಂಡೋಸಿನ ಸ್ಕ್ರೀನ್ ರೀಡರ್ ಜಾಸ್ ಇವತ್ತಿಗೂ ದುಬಾರಿಯೇ. ಆದರೆ ದೃಷ್ಟಿಯಿಲ್ಲದ ಇಬ್ಬರು ಆಸ್ಟ್ರೇಲಿಯನ್ನರು, ಮೈಕಲ್ ಕರನ್ ಮತ್ತು ಜೇಮ್ಸ್ ಟೆ, ಬೆಳೆಸಿದ ಸ್ಕ್ರೀನ್ ರೀಡರ್ ಎನ್‌ವಿಡಿಎ ಪುಕ್ಕಟೆ. ಅದೂ ಮುಕ್ತ ತಂತ್ರಾಂಶವೇ. 2006ರಲ್ಲಿ ಕರನ್ ಅದರ ಕೆಲಸ ಶುರುಮಾಡಿದ್ದು. ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಕೇರಳದ ಯಾವುದೋ ಅಕ್ಷಯ ಸೇವಾ ಕೇಂದ್ರದ ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದರೆ, ಮಾಲೀಕ ಒಪ್ಪಿದಲ್ಲಿ, ಇನ್‌ಸ್ಟಾಲ್ ಮಾಡದೆಯೇ ಓದಿಸಿಕೊಳ್ಳಬಹುದು. ಎಕ್ಸೆಲ್, ವರ್ಡ್, ಆಫೀಸಿನ ಒಳ ಬಳಕೆಯ ತಂತ್ರಾಂಶಗಳೆಲ್ಲ ಸಾಮಾನ್ಯವಾಗಿ ನಡೆಯುವುದು ವಿಂಡೋಸಿನಲ್ಲೇ. ತೊಡಕು ಬೇರೆ ಕಡೆ ಇದೆ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ನಿಂತಿತು, ವಿಂಡೋಸ್ 11 ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ದಾನಕ್ಕೆ ಬಂದ ಲ್ಯಾಪ್‌ಟಾಪ್ ನಂಬಿದವರಿಗೆ ಇದು ಪೆಟ್ಟು. ಅಂಥ ಯಂತ್ರಕ್ಕೆ ಮರುಜೀವ ಕೊಡುವುದು ಮತ್ತೆ ಲಿನಕ್ಸೇ. ಇನ್ನು ಮ್ಯಾಕ್‌ನಲ್ಲಿ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ 2005ರಿಂದಲೇ ಇದೆ, ಚೆನ್ನಾಗಿಯೂ ಇದೆ. ಮ್ಯಾಕ್‌ನ ಬೆಲೆ ಕೇಳಿದರೆ ಅದು ನಮ್ಮ ಮಾತುಕತೆಯಿಂದ ತಾನಾಗಿ ಹೊರಗುಳಿಯುತ್ತದೆ.

ಓರ್ಕಾ ಬಿಟ್ಟು ಎನ್‌ವಿಡಿಎಗೆ ಬರುವುದು ಎಷ್ಟು ಕಷ್ಟ? ಅಂದುಕೊಂಡಷ್ಟಲ್ಲ. ವೆಬ್ ಪುಟದಲ್ಲಿ ತಲೆಬರಹದಿಂದ ತಲೆಬರಹಕ್ಕೆ ಜಿಗಿಯಲು ಎರಡರಲ್ಲೂ ಎಚ್ ಕೀಲಿಯೇ. ಪೂರ್ತಿ ಓದಿಸಲು ಮಾತ್ರ ಎನ್‌ವಿಡಿಎಯಲ್ಲಿ ಇನ್‌ಸರ್ಟ್ ಜೊತೆ ಕೆಳಬಾಣ, ಓರ್ಕಾದಲ್ಲಿ ನಂಬರ್ ಪ್ಯಾಡಿನ ಪ್ಲಸ್. ಕೈಗೆ ಹತ್ತುವ ತನಕ ತಡವರಿಕೆ ಇರುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ತೀರ್ಮಾನ ಹೀಗೆ: ಸಂಬಳದ ಕೆಲಸಕ್ಕೆ ಹೊರಟವರಿಗೆ ವಿಂಡೋಸ್ ಮತ್ತು ಎನ್‌ವಿಡಿಎ, ಮನೆಯ ಓದು, ಬ್ರೈಲ್ ಬರವಣಿಗೆ, ಹಳೆಯ ಯಂತ್ರಕ್ಕೆ ಲಿನಕ್ಸ್. ಶಾಲೆಗಳು ಲಿನಕ್ಸ್ ಬಿಡಬೇಕಿಲ್ಲ, ಕೊನೆಯ ವರ್ಷದಲ್ಲಿ ಎನ್‌ವಿಡಿಎಯನ್ನೂ ಮುಟ್ಟಿಸಿದರೆ ಸಾಕು.

ಕನ್ನಡಿಗರಿಗೆ ಇನ್ನೊಂದು ಮಾತು. ಹಳೆಯ ನುಡಿ ಫಾಂಟಿನ ಕಡತ ಕಣ್ಣಿಗೆ ಕನ್ನಡ. ಒಳಗೆ ಇರುವುದು ಲ್ಯಾಟಿನ್ ಚಿಹ್ನೆಗಳು. ವಿಂಡೋಸಾಗಲಿ ಲಿನಕ್ಸಾಗಲಿ, ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಗೊಣಗಾಟವಾಗಿ ಓದುತ್ತದೆ. ದಯವಿಟ್ಟು ಕಳಿಸುವ ಮುನ್ನ ಯೂನಿಕೋಡಿಗೆ ಬದಲಾಯಿಸಿ ಕಳಿಸಿ.