ಬಾರದಹಳ್ಳಿಯ ಉಗಿಬಂಡಿ

ಚರಿತ್ರೆಯ ವಿದ್ಯಾರ್ಥಿಗಳು ಮೂವರು ಸೇರಿ ಭೂಗೋಳ ವಿಭಾಗದ ಹಳೆಯ ಉಗ್ರಾಣದಲ್ಲಿ ರೈಲಿನ ಆಟ ಆಡುತ್ತಿದ್ದಾರೆಂದು ನಮ್ಮ ಕಾಲೇಜಿನಲ್ಲಿ ನಗೆಮಾತು ಹಬ್ಬಿ ಎರಡು ವರ್ಷವಾಯಿತು. ಆ ಮಾತಿಗೆ ನಾವು ಎಂದೂ ಕೋಪಿಸಿಕೊಂಡವರಲ್ಲ. ಆಟವೆಂದರೆ ಆಟವೇ, ಅದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ನಾಚಿಕೆಪಡಬೇಕಾದ ಸಂಗತಿ ಬೇರೊಂದು ನಡೆಯಿತು. ಅದನ್ನು ಮುಚ್ಚಿಡದೆ ಹೇಳಿ, ಅದರಿಂದ ನನ್ನಲ್ಲಿ ಬಲವಾದ ಒಂದು ಅಭಿಪ್ರಾಯವನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಸೀಮೆಯ ಹಿರಿಯರಿಗೆ ಚಿಕ್ಕ ರೈಲು ಗೊತ್ತು. ಯಲಹಂಕದಿಂದ ಹೊರಟು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರಗಳನ್ನು ಹಾದು ಬಂಗಾರಪೇಟೆ ಮುಟ್ಟುತ್ತಿದ್ದ ಎರಡೂವರೆ ಅಡಿ ಹಳಿಯ ದಾರಿ ಅದು. ಎರಡು ಕೊನೆಗಳೂ ಮೊದಲು ಅಗಲವಾದುವು. ನಡುವಿನ ಭಾಗ ಬಹುಕಾಲ ಮುಚ್ಚಿದ್ದು, 2013ರಲ್ಲಿ ಬ್ರಾಡ್‌ಗೇಜಾಗಿ ತೆರೆಯಿತು. ಉಗಿ ಎಂಜಿನ್ ಅದಕ್ಕೂ ಮುಂಚೆಯೇ ಹೋಗಿತ್ತು. ನಾವು ಮೂವರೂ ಅದನ್ನು ಕಂಡವರಲ್ಲ. ಕಾಣದ ವಸ್ತುವಿನ ಮೇಲೆ ಹುಟ್ಟಿದ ಮೋಹಕ್ಕೆ ಮದ್ದಿಲ್ಲವಷ್ಟೆ.

ಮಾದರಿ ರೈಲು ಕಟ್ಟುವವರ ಲೆಕ್ಕ ಬಲು ಕಟ್ಟುನಿಟ್ಟಿನದು. ನಿಜದ 87 ಅಡಿಗೆ ಮಾದರಿಯಲ್ಲಿ ಒಂದಡಿ ಎಂಬುದು ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ. ಎರಡೂವರೆ ಅಡಿಯೆಂದರೆ 762 ಮಿಲಿಮೀಟರು. 87ರಿಂದ ಭಾಗಿಸಿದರೆ ಎಂಟು ಮುಕ್ಕಾಲು ಮಿಲಿಮೀಟರಿನಷ್ಟು ಬರುತ್ತದೆ. ಅಂಗಡಿಯಲ್ಲಿ ಸಿಕ್ಕುವ ಅತಿ ಚಿಕ್ಕ ಹಳಿಗಳಲ್ಲಿ 9 ಮಿಲಿಮೀಟರಿನದೊಂದು ಉಂಟು. ಈ ಹೊಂದಾಣಿಕೆಯನ್ನು ಕಂಡ ದಿನ ನಮ್ಮ ಗಣಿತದ ಗೆಳೆಯನು ಲಾಟರಿ ಹೊಡೆದವನಂತೆ ಕುಣಿದನು. ಎಂಟಡಿ ಉದ್ದ, ಎರಡಡಿ ಅಗಲದ ಹಲಗೆಯನ್ನು ಹಾಕಿಸಿದೆವು. ನಿಜದಲ್ಲಿ ಅದು ಏಳುನೂರು ಅಡಿಗಿಂತ ತುಸು ಕಡಿಮೆ. ಒಂದು ಪುಟ್ಟ ನಿಲ್ದಾಣ, ಒಂದು ಗೂಡ್ಸ್ ಷೆಡ್ಡು, ನೀರಿನ ತೊಟ್ಟಿ, ಇಷ್ಟಕ್ಕೆ ಸಾಕು. ಎಂಜಿನ್ನಿನ ಗಾಲಿ ಮತ್ತು ಮೋಟಾರು ಕೊಂಡದ್ದು. ಮೇಲಿನ ಮೈಯನ್ನು ರಟ್ಟು, ಹಿತ್ತಾಳೆ ತಂತಿ, ಬರೆದು ಮುಗಿದ ಬಾಲ್‌ಪೆನ್ನಿನ ಕೊಳವೆಗಳಿಂದ ನಾವೇ ಮಾಡಿದೆವು. ಅದು ಓಡುವುದು ಹಳಿಯಲ್ಲಿ ಹರಿಯುವ 12 ವೋಲ್ಟಿನ ವಿದ್ಯುತ್ತಿನಿಂದ. ಉಗಿ ಬರಿಯ ಹೆಸರಿಗೆ.

ಯಾವ ಊರಿನ ನಿಲ್ದಾಣವನ್ನು ಕಟ್ಟುವುದು? ಇದ್ದ ನಿಲ್ದಾಣವನ್ನೇ ಕಟ್ಟಿದರೆ ಪ್ರತಿಯೊಂದು ಕಿಟಕಿಗೂ ಸಾಕ್ಷ್ಯ ಬೇಕು. ಆ ಶ್ರಮಕ್ಕೆ ಹೆದರಿ ಇಲ್ಲದ ಊರೊಂದನ್ನು ಕಲ್ಪಿಸಿಕೊಂಡೆವು; ಹೆಸರು ಬಾರದಹಳ್ಳಿ. ರೈಲು ಬಾರದ ಹಳ್ಳಿ ಎಂಬ ಶ್ಲೇಷೆ ನಮಗೆ ಬಹಳ ಸೊಗಸಾಗಿ ಕಂಡಿತ್ತು. ಸೋಮಾರಿತನಕ್ಕೆ ಕಲ್ಪನೆಯೆಂದು ಹೆಸರಿಟ್ಟೆವೆಂದು ಈಗ ತೋರುತ್ತದೆ.

ಇನ್ನು ನೆಲ, ಗಿಡ, ಕೊಳೆಗಳ ಕೆಲಸ. ನೋಡುವವರು ಎಂಜಿನ್ನನ್ನು ಹೊಗಳುತ್ತಾರೆ. ಕಟ್ಟಿದವನಿಗೆ ಗೊತ್ತಿರುವ ಸತ್ಯವೇನೆಂದರೆ ಮಾದರಿಯು ಉಳಿಯುವುದೂ ಕೆಡುವುದೂ ಕೊಳೆಯಲ್ಲಿ. ಹೊಸ ಬಣ್ಣದಲ್ಲಿ ಥಳಥಳಿಸುವ ಎಂಜಿನ್ನು ಜಾತ್ರೆಯ ಆಟಿಗೆ. ಹೊಗೆಕೊಳವೆಯ ಸುತ್ತ ಮಸಿ, ನೀರು ತುಂಬುವ ಬಾಯಿಯ ಕೆಳಗೆ ಸುಣ್ಣದ ಬಿಳಿಗೆರೆ, ಚಾಲಕನು ಹತ್ತಿ ಇಳಿದು ಸವೆದ ಮೆಟ್ಟಿಲಲ್ಲಿ ಕಬ್ಬಿಣದ ಬಣ್ಣ, ಇವು ಬಂದಾಗಲೇ ಅದಕ್ಕೆ ವಯಸ್ಸು ಬರುವುದು. ಮಸಿಯನ್ನು ನಮ್ಮ ಮನೆಯ ಬಚ್ಚಲೊಲೆಯಿಂದ ತಂದೆ. ಕೋಲಾರದ ಕೆಮ್ಮಣ್ಣನ್ನು ಹಳೆಯ ಪಂಚೆಯಲ್ಲಿ ಮೂರು ಸಲ ಸೋಸಿದೆವು. ಇಲ್ಲದಿದ್ದರೆ ಒಂದೊಂದು ಕಣವೂ ಗುಂಡುಕಲ್ಲಿನಂತೆ ಕಾಣುತ್ತದೆ. ಕುದಿಸಿ ಒಣಗಿಸಿದ ಟೀ ಚರಟವು ಬೇಸಗೆಯ ಬೀಳುನೆಲವಾಯಿತು. ಹಳಿಯ ನಡುವಿನ ಜಲ್ಲಿಗೆಂದು ನಾನು ರಾಗಿ ಕಾಳನ್ನು ಅಂಟಿಸಿ ಪ್ರಶಂಸೆಗೆ ಕಾದೆ. ಮೂರನೆಯ ದಿನ ಬಂದು ನೋಡುವಾಗ ಇರುವೆಗಳ ಸಾಲೊಂದು ಬಾರದಹಳ್ಳಿಯ ಮೇಲೆ ಗೂಡ್ಸ್ ಸಾಗಾಣಿಕೆ ನಡೆಸಿತ್ತು! ಹಾಗೆ ನೋಡಿದರೆ ಆ ನಿಲ್ದಾಣದಲ್ಲಿ ನಡೆದ ನಿಜವಾದ ಸಾಗಾಣಿಕೆ ಅದೊಂದೇ. ಆಮೇಲೆ ಕ್ರಷರಿನ ಕಲ್ಲುಪುಡಿಯನ್ನೇ ಜರಡಿ ಹಿಡಿದು ಹಾಕಿದೆವು.

ಛಾಯಾಚಿತ್ರ ತೆಗೆಯುವುದು ಕಟ್ಟುವುದಕ್ಕಿಂತ ಕಠಿಣ. ನಿಂತು ಮೇಲಿನಿಂದ ತೆಗೆದರೆ ಹದ್ದಿನ ನೋಟ. ಹಲಗೆಯ ಅಂಚು, ಗೋಡೆ, ಗೆಳೆಯನ ಮೊಣಕಾಲು ಎಲ್ಲವೂ ಬೀಳುತ್ತವೆ. ಬಾರದಹಳ್ಳಿಯ ಪ್ಲಾಟ್‌ಫಾರಂ ಮೇಲೆ ನಿಂತ ಮನುಷ್ಯನ ಕಣ್ಣು ಎಷ್ಟು ಎತ್ತರದಲ್ಲಿದ್ದೀತು? ನಿಜದಲ್ಲಿ 1600 ಮಿಲಿಮೀಟರು ಎಂದಿಟ್ಟುಕೊಂಡರೆ ಇಲ್ಲಿ ಹದಿನೆಂಟು. ಕ್ಯಾಮೆರಾದ ಕಣ್ಣನ್ನು ಅಲ್ಲಿಗೆ ಇಳಿಸಬೇಕು. ಮೊಬೈಲ್ ಫೋನನ್ನು ತಲೆಕೆಳಗು ಮಾಡಿ ಹಿಡಿದರೆ ಅದರ ಮಸೂರವು ಸರಿಸುಮಾರು ಅಲ್ಲಿಗೆ ಬರುತ್ತದೆಂಬುದು ನಾವು ಕಂಡುಕೊಂಡ ಉಪಾಯ. ಬೆಳಕು ಒಂದೇ ಕಡೆಯಿಂದ ಬರಬೇಕು. ಎರಡು ಟ್ಯೂಬ್‌ಲೈಟುಗಳ ಕೆಳಗೆ ಸ್ಟೇಷನ್ ಮಾಸ್ತರರಿಗೆ ಎರಡು ನೆರಳು ಬಿದ್ದು, ಬಾರದಹಳ್ಳಿಗೆ ಎರಡು ಸೂರ್ಯರಾಗುತ್ತಾರೆ. ಹತ್ತಿರದ ಎಂಜಿನ್ನೂ ದೂರದ ಕೈಮರವೂ ಒಂದೇ ಸಲಕ್ಕೆ ಸ್ಪಷ್ಟವಾಗಿ ಬೀಳುವುದಿಲ್ಲವಾದುದರಿಂದ, ಒಂದೊಂದು ದೂರಕ್ಕೂ ಒಂದೊಂದು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದುಗೂಡಿಸಬೇಕು. ಇಷ್ಟೆಲ್ಲ ಪಾಡುಪಟ್ಟು ಒಂದು ಸಂಜೆ ತೆಗೆದ ಚಿತ್ರವನ್ನು ನೋಡಿ ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಲ್ಲಿ ಹಲಗೆಯಿರಲಿಲ್ಲ, ಊರಿತ್ತು.

ಇಲ್ಲಿಗೆ ನಿಲ್ಲಿಸಬೇಕಾಗಿತ್ತು, ನಿಲ್ಲಿಸಲಿಲ್ಲ. ಕಂಪ್ಯೂಟರಿನಲ್ಲಿ ಹೊಗೆ ಸೇರಿಸಿದೆವು. ಬಣ್ಣ ತೆಗೆದೆವು. ಬಳಿಕ, ಇದು ನನ್ನದೇ ಸಲಹೆ, ಹಳೆಯ ಫೋಟೋವಿನಲ್ಲಿರುವಂತೆ ಗೀರು, ಕಲೆ, ಮಡಿಸಿದ ಮೂಲೆಯ ಗುರುತುಗಳನ್ನೂ ಸೇರಿಸಿದೆವು. ಗೆಳೆಯರಿಗೆ ಕಳುಹಿಸಿದೆವು. ಅದು ಕೈಯಿಂದ ಕೈಗೆ ಹೋಗಿ, ಸುತ್ತಿನ ಒಂದು ಊರಿನ ಉತ್ಸವದ ಸ್ಮರಣಸಂಚಿಕೆಯಲ್ಲಿ ‘ನಮ್ಮ ಭಾಗದ ಗತವೈಭವ’ ಎಂಬ ತಲೆಬರಹದ ಕೆಳಗೆ ಅರ್ಧ ಪುಟಕ್ಕೆ ಅಚ್ಚಾಗಿ ಬಂದಿತು. ಬಾರದಹಳ್ಳಿಯ ಬೋರ್ಡು ಸ್ಪಷ್ಟವಾಗಿಯೇ ಕಾಣುತ್ತಿತ್ತು. ಅಂಥ ಊರು ಎಲ್ಲಿದೆಯೆಂದು ಯಾರೂ ಕೇಳಿದಂತಿಲ್ಲ. ಅಷ್ಟೇ ಅಲ್ಲ, ಎಂಬತ್ತು ದಾಟಿದ ಹಿರಿಯರೊಬ್ಬರು, ತಾವು ಹುಡುಗರಾಗಿದ್ದಾಗ ಇದೇ ನಿಲ್ದಾಣದಲ್ಲಿ ತಂದೆಯ ಜೊತೆ ರೈಲು ಹತ್ತಿದುದಾಗಿ ಸಭೆಯಲ್ಲಿ ಎದ್ದು ನಿಂತು ಹೇಳಿದರಂತೆ.

ಈ ಸುದ್ದಿ ಬಂದ ದಿನ ನಾವು ಹೊಟ್ಟೆ ಹಿಡಿದು ನಕ್ಕೆವು. ಮಾದರಿ ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ, ನಿಜವೆಂದು ಜನ ನಂಬಿದರಲ್ಲ ಎಂದು ನನ್ನ ಗೆಳೆಯರು ಇಂದಿಗೂ ವಾದಿಸುತ್ತಾರೆ. ನಾನು ಒಪ್ಪಲಾರೆ. ಹಲಗೆಯ ಮುಂದೆ ನಿಂತು ಬೆರಗಾದವನು ತನ್ನ ಒಪ್ಪಿಗೆಯಿಂದ ಮರುಳಾದವನು, ನಾಟಕ ನೋಡುವವನಂತೆ. ಸ್ಮರಣಸಂಚಿಕೆಯ ಓದುಗನಿಗೆ ಆ ಒಪ್ಪಿಗೆಯನ್ನು ನಾವು ಕೇಳಿರಲಿಲ್ಲ. ಶಾಸನದ ಕಾಲವನ್ನು ಅಕ್ಷರದ ತಿರುವಿನಿಂದ ಅಳೆಯಲು ತರಗತಿಯಲ್ಲಿ ಕಲಿಯುತ್ತಿರುವ ನಾವೇ, ಹೊರಗೆ ಬಂದು ಕೃತಕ ಗೀರುಗಳ ಸಾಕ್ಷ್ಯವೊಂದನ್ನು ಲೋಕಕ್ಕೆ ಬಿಟ್ಟೆವು. ಗೂಡ್ಸ್ ಷೆಡ್ಡಿನ ಕಮಾನು ನಿಜವಾಗಿಯೂ ಹಾಗಿತ್ತೆ? ನಮಗೆ ಗೊತ್ತಿರಲಿಲ್ಲ, ಚೆನ್ನಾಗಿ ಕಾಣಲೆಂದು ಇಟ್ಟದ್ದು. ನಾಳೆ ಯಾರೋ ಅದನ್ನೇ ಆಧಾರವಾಗಿಟ್ಟುಕೊಂಡು ಬರೆದರೆ?

ಈ ಕಲೆಯಲ್ಲಿ ದೊಡ್ಡವರು ಹೇಗೆ ನಡೆದರೆಂದು ಆಮೇಲೆ ಓದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಎಂಬಾತನಿದ್ದನು. ಛಾಯಾಗ್ರಹಣವನ್ನು ವೃತ್ತಿಯಾಗಿ ಮಾಡಿದವನು. ನಾವು ಹಿಡಿದ 87ರ ಪ್ರಮಾಣದಲ್ಲೇ ಮನೆಯ ನೆಲಮಾಳಿಗೆಯಲ್ಲಿ ಬೆಟ್ಟ ಕಣಿವೆಗಳ ನಡುವೆ ಒಂದು ಕಾಲ್ಪನಿಕ ರೈಲುದಾರಿ ಕಟ್ಟಿದನು. ಎಂಜಿನ್ನಿಗೂ ಕಟ್ಟಡಕ್ಕೂ ಕೊಳೆ ಬಳಿದು ವಯಸ್ಸು ತರುವ ವಿದ್ಯೆಯನ್ನು ಅನೇಕರು ಅವನಿಂದ ಕಲಿತರು. 1973ರ ಜನವರಿಯಲ್ಲಿ ಅವನು ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಬಹುಪಾಲು ನಾಶವಾಯಿತು. ಇಂದು ಆ ರೈಲುದಾರಿಯನ್ನು ನೋಡಬೇಕೆಂದರೆ ಅವನ ಛಾಯಾಚಿತ್ರಗಳೇ ಗತಿ. ಅಷ್ಟು ನಂಬಿಸಬಲ್ಲವನಾಗಿದ್ದರೂ ಅವನು ದಾರಿಗಿಟ್ಟ ಹೆಸರು ಇಂಗ್ಲಿಷಿನಲ್ಲಿ ‘ರಕ್ತಸಿಕ್ತ ಮತ್ತು ಪರಾಜಿತ’ ಎಂದು ಕೇಳಿಸುವ ತಮಾಷೆಯ ಹೆಸರು. ಗಾಡಿಗಳನ್ನು ಅತ್ತಿತ್ತ ಎಳೆಯಲು ಅವನಿಟ್ಟದ್ದು ಬೆನ್ನ ಮೇಲೆ ಫಲಕಗಳಿರುವ ಒಂದು ಡೈನೋಸಾರ್, ಅದಕ್ಕೆ ಎಮ್ಮಾ ಎಂದು ಹೆಸರು! ಅಂಥ ಪ್ರಾಣಿ ಎಳೆಯುವ ರೈಲನ್ನು ಯಾವ ಸ್ಮರಣಸಂಚಿಕೆಯೂ ಗತವೈಭವವೆನ್ನಲಾರದು. ಇನ್ನೊಂದು ಕಡೆ ರಾಯ್ ಇಂಗ್ಲೆಂಡ್ ಎಂಬಾತ 1925ರಲ್ಲಿ ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಬಂದು, ಹುಲ್ಲು ಹೊದಿಸಿದ ಹಳೆಯ ಹಳ್ಳಿಮನೆಗಳು ಕಣ್ಮರೆಯಾಗುತ್ತಿರುವುದನ್ನು ಕಂಡು ಮರುಗಿ, ಇದ್ದ ಮನೆಗಳನ್ನೇ ಅಳತೆಗೆ ಸರಿಯಾಗಿ ಕಿರಿದಾಗಿ ಕಟ್ಟಹೊರಟನು. ಅವನ ಶ್ರಮದ ಫಲ ಪೆಂಡನ್ ವಸ್ತುಸಂಗ್ರಹಾಲಯ. ಒಬ್ಬನು ಕಲ್ಪನೆಯನ್ನು ಕಲ್ಪನೆಯೆಂದೇ ಸಾರಿದನು. ಇನ್ನೊಬ್ಬನು ದಾಖಲೆಯೆಂದ ಮೇಲೆ ಅಳತೆಪಟ್ಟಿ ಹಿಡಿದನು. ನಾವು ಮಾಡಿದುದು ಎರಡೂ ಅಲ್ಲ, ಕಲ್ಪನೆಗೆ ದಾಖಲೆಯ ವೇಷ ಹಾಕಿದುದು. ಆದುದರಿಂದ ಮಾದರಿಯ ಚಿತ್ರದಲ್ಲಿ ಅದು ಮಾದರಿಯೆಂಬ ಗುರುತು ಇರಲೇಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಕಲೆ ಕೆಟ್ಟೀತೆಂದು ಗೆಳೆಯರು ಗೊಣಗಿದರೂ ಈಗ ನಮ್ಮ ಗೂಡ್ಸ್ ಷೆಡ್ಡಿನ ಪಕ್ಕದಲ್ಲಿ ಒಂದು ಹುಣಸೆ ಬೀಜ ಬಿದ್ದಿರುತ್ತದೆ. ಬಾರದಹಳ್ಳಿಯವರ ಲೆಕ್ಕದಲ್ಲಿ ಅದು ಒಂದು ಮೀಟರಿನ, ಎಣ್ಣೆ ಹಚ್ಚಿದಂತೆ ಮಿರುಗುವ ಬಂಡೆ.

ಸ್ಮರಣಸಂಚಿಕೆಯವರಿಗೆ ನಿಜವನ್ನು ಬರೆದು ತಿಳಿಸಿದೆವು. ಆ ಹಿರಿಯರನ್ನು ನಾವೇ ಹೋಗಿ ಕಂಡು, ಕಾಲೇಜಿಗೆ ಕರೆತಂದೆವು. ಮೊಮ್ಮಗನೂ ಜೊತೆಯಲ್ಲಿದ್ದ. ಹಲಗೆಯನ್ನು ನೋಡುತ್ತಲೇ ಅವನು, “ಏನ್ ತಾತಾ, ಇದ್ರಲ್ಲೇನಾ ನೀನು ರೈಲು ಹತ್ತಿದ್ದು?” ಎಂದು ಗಹಗಹಿಸಿ ನಕ್ಕ. ತಾತ ನಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಎಂಬತ್ತು ವರ್ಷದ ನೆನಪೊಂದನ್ನು ಮೊಮ್ಮಗನ ಮುಂದೆ ಸುಳ್ಳು ಮಾಡಿದವನು ನಾನು.

ಕೊನೆಗೆ ಅವರೇ ಬಗ್ಗಿ, ಪ್ಲಾಟ್‌ಫಾರಮ್ಮಿನ ಎಡಗಡೆಗೆ ಬೆರಳು ತೋರಿಸಿ, “ಇಲ್ಲೊಂದು ಬೇವಿನ ಮರ ಇರಬೇಕಲ್ಲಪ್ಪಾ. ಅದರ ಕೆಳಗೆ ನಮ್ಮಪ್ಪ ಬುತ್ತಿ ಬಿಚ್ಚಿದ್ರು” ಎಂದರು. ಗೆಳೆಯನು ಒಡನೆ ಮರ ನೆಡಲು ಹೊರಟ; ನಾನು ತಡೆದೆ. ತಾತನನ್ನು ಕೂರಿಸಿ, ಬಾರದಹಳ್ಳಿಯ ಬೋರ್ಡಿನ ಮೇಲೆ ಕಾಗದ ಮುಚ್ಚಿ, ಮೊದಲಿನಿಂದ ಕೇಳಿದೆವು. ಮರ ಇತ್ತು, ಬುತ್ತಿ ಇತ್ತು, ರೈಲೂ ಇತ್ತು. ಊರು ಮಾತ್ರ ಬೇರೆ. ಆ ನಿಲ್ದಾಣ ಇದೇ ದಾರಿಯಲ್ಲಿ ಇಲ್ಲಿಂದ ಬಹಳ ದೂರವೇನಲ್ಲ. ನೀರು ಹಿಡಿಯುತ್ತಿದ್ದ ಕಡೆ, ಟಿಕೆಟ್ಟಿನ ಕಿಂಡಿಯ ಎತ್ತರ, ಗೂಡ್ಸ್ ಷೆಡ್ಡಿಗೆ ಕಮಾನು ಇರಲಿಲ್ಲವೆಂಬುದು, ಎಲ್ಲವನ್ನೂ ಬರೆದುಕೊಂಡಾಗ ನೋಟುಪುಸ್ತಕದ ಹನ್ನೊಂದು ಪುಟ ತುಂಬಿತು. ಪರೀಕ್ಷೆ ಮುಗಿದ ಭಾನುವಾರ ಟೇಪು ಹಿಡಿದು ಅಲ್ಲಿಗೆ ಹೋಗುವವರಿದ್ದೇವೆ. ತಾತನೂ ಬರುತ್ತಾರೆ. ಬಸ್ಸು ಬೇಡ, ರೈಲಿನಲ್ಲೇ ಹೋಗೋಣವೆಂದು ಹೇಳಿಕಳುಹಿಸಿದ್ದಾರೆ.