ಥೀಮ್ ಚೆನ್ನಾಗಿದೆ ಸ್ವಾಮಿ, ಕನ್ನಡ ಎಲ್ಲಿ ಬರುತ್ತೆ?

ಲಿನಕ್ಸ್ ಡೆಸ್ಕ್‌ಟಾಪಿಗೆ ಇನ್ನೂ ನಯ ಬಂದಿಲ್ಲ ಅಂದ ಕೂಡಲೇ ನಮ್ಮ ಅಭಿಮಾನಿಗಳು ಸ್ಕ್ರೀನ್‌ಶಾಟ್ ತೋರಿಸ್ತಾರೆ. ಹಿಂದೆ ಕಾಂಪಿಜ್‌ನ ತಿರುಗೋ ಘನ, ಈಗ ಗ್ನೋಮ್‌ನ ಡಾರ್ಕ್ ಥೀಮ್. ಚೆಂದ ಇದೆ, ಇಲ್ಲ ಅನ್ನಲ್ಲ. ಆದ್ರೆ ನಂಜನಗೂಡಿನಲ್ಲೋ ತಿ. ನರಸೀಪುರದಲ್ಲೋ ಅಂಗಡಿ ಇಟ್ಟು ಅರ್ಜಿ ಟೈಪ್ ಮಾಡಿಕೊಡೋರಿಗೆ ಬೇಕಾದ್ದು ಬೇರೆ. ನುಡಿಯಲ್ಲಿ ಪಳಗಿದ ಬೆರಳಿಗೆ ಇಲ್ಲೂ ಕನ್ನಡ ಮೂಡಬೇಕು, ಅಷ್ಟೇ.

ಅವರ ಮುಂದೆ ಉಬುಂಟು ಇಡಿ. ಸೆಟ್ಟಿಂಗ್ಸ್‌ಗೆ ಹೋಗಿ ಕೀಬೋರ್ಡಿನಲ್ಲಿ ಇನ್‌ಪುಟ್ ಸೋರ್ಸ್ ಸೇರಿಸಬೇಕು. ಬರೀ 'ಕನ್ನಡ' ಅಂತ ಇರೋದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಅವರಿಗೆ ಬೇಕಾದ್ದು 'ಕಗಪ ಫೊನೆಟಿಕ್' ಅನ್ನೋ ಹೆಸರಲ್ಲಿ ಅಡಗಿದೆ. ಎಂ17ಎನ್ ಹಾಕಿಕೊಂಡ್ರೆ 'ಕೆಜಿಪಿ', 'ಐಟ್ರಾನ್ಸ್', 'ಇನ್‌ಸ್ಕ್ರಿಪ್ಟ್2' ಅಂತ ಇನ್ನೊಂದು ರಾಶಿ! ಕಗಪ ಅಂದ್ರೆ ಕನ್ನಡ ಗಣಕ ಪರಿಷತ್ತು ಅಂತ ಬ್ಲಾಗಿಗರಾದ ನಮಗೆ ಗೊತ್ತು. ಎಫ್ ಕೀಲಿ ಒತ್ತೊತ್ತಿ 'ಶ್ರೀಕಂಠೇಶ್ವರ' ಅಂತ ಕಣ್ಮುಚ್ಚಿ ಹೊಡೆಯೋರಿಗೆ ಅದೆಲ್ಲ ಯಾಕ್ರೀ ಗೊತ್ತಿರಬೇಕು? ಪಕ್ಕದಲ್ಲಿ 'ನುಡಿ ಕೀಲಿಮಣೆ' ಅಂತ ಬರೆದ್ರೆ ಏನು ಗಂಟು ಹೋಗುತ್ತೆ?

"ಕೋಡ್ ಇದೆಯಲ್ಲ, ನೀವೇ ತಿದ್ದಿ" ಅನ್ನೋ ಉತ್ತರ ಕೇಳಿದ್ರೆ ಮೈ ಉರಿಯುತ್ತೆ. 2001ರಲ್ಲಿ ಸನ್ ಕಂಪನಿಯವರು ಗ್ನೋಮ್ ಮುಂದೆ ಜನರನ್ನ ಕೂರಿಸಿ ಎಲ್ಲೆಲ್ಲಿ ತಡವರಿಸ್ತಾರೆ ಅಂತ ನೋಡಿದ್ರು. 2002ರಲ್ಲಿ ಇಂಟರ್‌ಫೇಸ್ ಮಾರ್ಗಸೂಚಿ ಬಂತು. ಒತ್ತಕ್ಷರ ಒಡೆದು ಕಾಣೋ ಕಾಟವೂ ಹಾರ್ಫ್‌ಬಝ್ ಬಂದ ಮೇಲೆ ಬಹುಪಾಲು ತೀರಿದೆ (ಅದು ಸಣ್ಣ ಕೆಲಸ ಅಲ್ಲ). ಅಂದ್ರೆ ಮನಸ್ಸು ಮಾಡಿದ್ರೆ ಆಗುತ್ತೆ.

ಇನ್‌ಸ್ಟಾಲ್ ಫೆಸ್ಟ್ ಮಾಡೋರು ಮುಂದಿನ ಸಲ ಇಂಜಿನಿಯರಿಂಗ್ ಕಾಲೇಜು ಬಿಟ್ಟು ತಿ. ನರಸೀಪುರಕ್ಕೆ ಬನ್ನಿ. ಟೈಪ್ ಮಾಡೋರನ್ನ ಕೂರಿಸಿ, ನೀವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತು ನೋಡಿ.