ಅಂಗಡಿಯ ಹಳೇ ಕಂಪ್ಯೂಟರೂ ಮಕ್ಕಳ ಲಿನಕ್ಸೂ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಮಾಮೂಲು ಭದ್ರತಾ ಪರಿಷ್ಕರಣೆಯನ್ನು ನಿಲ್ಲಿಸಿತು. ಇದೆಲ್ಲ ಬೆಂಗಳೂರು, ಮುಂಬಯಿಯ ದೊಡ್ಡ ಕಚೇರಿಗಳ ತಲೆನೋವು ಎಂದು ನಾನು ಪತ್ರಿಕೆಯ ಪುಟ ಮಗುಚಿದ್ದೆ. ಆದರೆ ಬದಿಯಡ್ಕ ಸಮೀಪದ ನನ್ನ ಅಡಿಕೆ ಅಂಗಡಿಯ ಕಂಪ್ಯೂಟರಿನಲ್ಲಿಯೂ ಅದೇ ಎಚ್ಚರಿಕೆ ಬರಲು ಶುರುವಾಯಿತು. ರಿಪೇರಿಯವನನ್ನು ಕರೆಸಿದೆ. ಅವನು ಒಂದು ನಿಮಿಷ ನೋಡಿ, "ಇದಕ್ಕೆ ವಿಂಡೋಸ್ 11 ಹಿಡಿಯುವುದಿಲ್ಲ, ಹೊಸತು ತೆಗೊಳ್ಳಿ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಈಚಿನ ಪ್ರೊಸೆಸರೂ ಬೇಕು. ನನ್ನದು 2014ರಲ್ಲಿ ಕೊಂಡದ್ದು, ನಾಲ್ಕು ಜಿಬಿ ಮೆಮೊರಿಯದು. ಆದರೆ ಯಂತ್ರ ಕೆಟ್ಟಿಲ್ಲವಲ್ಲ! ಓಡುತ್ತಿರುವ ಪಂಪನ್ನು ಯಾರಾದರೂ ಗುಜರಿಗೆ ಹಾಕುತ್ತಾರೆಯೇ?

ಒಂಬತ್ತನೇ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಅಕ್ಕನ ಮಗಳು ಪಕ್ಕದಲ್ಲೇ ಇದ್ದಳು. "ಮಾವ, ಲಿನಕ್ಸ್ ಹಾಕುವ. ನಮ್ಮ ಶಾಲೆಯದ್ದು ಇದಕ್ಕಿಂತ ಹಳತು ಉಂಟು" ಎಂದಳು.

ಇಲ್ಲಿ ಓದುಗರು ಒಂದು ವಿಷಯ ಗಮನಿಸಬೇಕು. ಕೇರಳದ ಸರಕಾರಿ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಕೆಲವೇ ವರ್ಷಗಳಲ್ಲಿ ಪೂರ್ಣವಾಗಿ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. ಆ ಯೋಜನೆ ಈಗ ಕೈಟ್ ಎಂಬ ಸರಕಾರಿ ಸಂಸ್ಥೆಯಾಗಿದೆ. ಹೀಗಾಗಿ ಕಾಸರಗೋಡಿನ ನಮ್ಮ ಕನ್ನಡದ ಮಕ್ಕಳು ಚಿತ್ರ ಬಿಡಿಸುವುದು, ಕಾಗದಪತ್ರ ಟೈಪು ಮಾಡುವುದು, ಜಿಯೋಜೀಬ್ರಾದಲ್ಲಿ ರೇಖಾಗಣಿತ ಕಲಿಯುವುದು ಎಲ್ಲವೂ ಲಿನಕ್ಸಿನಲ್ಲಿಯೇ. ತಮಿಳುನಾಡಿನಲ್ಲೂ 2011ರ ನಂತರ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಟ್ಟ ಲ್ಯಾಪ್‌ಟಾಪುಗಳಲ್ಲಿ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಇತ್ತು. ತಾಳವಾಡಿ, ಹೊಸೂರು ಕಡೆಯ ಮನೆಗಳಲ್ಲಿ ಅಂಥವು ಕೆಲವಾದರೂ ಇನ್ನೂ ಇದ್ದಾವು. ಅಂದರೆ ನಮ್ಮ ಮನೆಯ ಮಕ್ಕಳಿಗೆ ಗೊತ್ತಿರುವ ವಿದ್ಯೆಯನ್ನು ನಾವು ದೊಡ್ಡವರು ಇಷ್ಟು ವರ್ಷ "ಶಾಲೆಯ ಪಾಠ" ಎಂದು ಬದಿಗಿಟ್ಟಿದ್ದೇವೆ. ಗಡಿ ದಾಟಿ ಕಾಲೇಜಿಗೆ ಹೋದ ಅವಳ ಅಣ್ಣನಿಗೆ ಅಲ್ಲಿ ವಿಂಡೋಸಿನ ವರ್ಡ್ ಅನ್ನು ಮೊದಲಿನಿಂದ ಕಲಿಸಿದರಂತೆ. ನಿನಗೆ ಎಂತ ಗೊತ್ತುಂಟು ಎಂದು ಯಾರೂ ಕೇಳಲಿಲ್ಲವಂತೆ.

ಇರಲಿ, ಕಲಿಕೆಗೆ ಬರುತ್ತೇನೆ. ಲಿನಕ್ಸ್ ಎಂಬುದು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸಿನ ಜಾಡಿನದು. ಲೈನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ಅದರ ತಿರುಳನ್ನು ಬರೆದು ಹಂಚಿದ. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನೊಳಗೂ ಇರುವುದು ಆ ತಿರುಳೇ. ಇದು ತಿಳಿದ ಮೇಲೆ ನನ್ನ ಅರ್ಧ ಭಯ ಹೋಯಿತು.

ಉಳಿದರ್ಧ ಭಯ ಕಪ್ಪು ಪರದೆಯದು. ಸೊಸೆ ಮೊದಲ ದಿನ "ಪಿಡಬ್ಲ್ಯೂಡಿ ಅಂತ ಹೊಡೆಯಿರಿ" ಎಂದಾಗ ನನಗೆ ನೆನಪಾದದ್ದು ಹೊಂಡ ಬಿದ್ದ ರಸ್ತೆಯೇ. ನೀವು ಈಗ ಯಾವ ಕಡತಕೋಶದಲ್ಲಿ ನಿಂತಿದ್ದೀರಿ ಎಂದು ಹೇಳುವ ಆಜ್ಞೆ ಅದು. ಅಲ್ಲಿ ಏನೇನಿದೆ ಎಂದು ನೋಡಲು ಎಲ್‌ಎಸ್, ಬೇರೆ ಕಡೆಗೆ ಹೋಗಲು ಸಿಡಿ. ಈ ಮೂರನ್ನು ಕಲಿತರೆ ಗೋದಾಮಿನೊಳಗೆ ಟಾರ್ಚು ಹಿಡಿದ ಹಾಗೆ. ಸುಡೋ ಎಂದರೆ ಯಜಮಾನನ ಅಧಿಕಾರದಲ್ಲಿ ಮಾಡು ಎಂದರ್ಥ. ಅದು ಪಾಸ್‌ವರ್ಡ್ ಕೇಳುತ್ತದೆ. ಆದರೆ ಹಲವು ಲಿನಕ್ಸುಗಳಲ್ಲಿ ಟೈಪು ಮಾಡುವಾಗ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿತೆಂದು ನಾನು ಎರಡು ಸಲ ಬಡಿದೆ. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ ಎಂಬುದೂ ತಡವಾಗಿ ತಲೆಗೆ ಹೋಯಿತು. ನಿಜ ಹೇಳಬೇಕೆಂದರೆ, ಮಿಂಟ್‌ನಂಥ ಲಿನಕ್ಸಿನಲ್ಲಿ ದಿನದ ಕೆಲಸಕ್ಕೆ ಇವು ಯಾವುವೂ ಬೇಡ, ಮೌಸೇ ಸಾಕು. ಆದರೂ ಏನಾದರೂ ಕೈಕೊಟ್ಟಾಗ ಬೇಕಾಗುತ್ತವೆ.

ಕೈಕೊಟ್ಟದ್ದು ನನ್ನ ಗಡಿಬಿಡಿಯಿಂದಲೇ. ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡುವ, ಡಿಸ್ಕಿಗೆ ಕೈ ಹಚ್ಚುವುದು ಬೇಡ ಎಂದು ಅವಳು ಹೇಳಿಹೋಗಿದ್ದಳು. ಅವಳು ಶಾಲೆಯಿಂದ ಬರುವಷ್ಟರಲ್ಲಿ ಮಾಡಿ ತೋರಿಸುತ್ತೇನೆಂದು ನಾನೇ ಕುಳಿತೆ. ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸಲೋ, ಡಿಸ್ಕ್ ಪೂರಾ ಅಳಿಸಿ ಸ್ಥಾಪಿಸಲೋ ಎಂದು ಕೇಳಿತು. ಒತ್ತಬಾರದ್ದನ್ನು ಒತ್ತಿದೆ. ಟ್ಯಾಲಿಯ ಲೆಕ್ಕದ ಪ್ರತಿ ಬೇರೆ ಕಡೆ ಇತ್ತು, ಉಳಿಯಿತು. ಬೆಳೆಗಾರರಿಗೆ ಕೊಟ್ಟ ಮುಂಗಡದ ಪಟ್ಟಿ ಹೋಯಿತು. ಅದನ್ನು ಹಳೇ ಚೀಟಿ ಹುಡುಕಿ ಮತ್ತೆ ಬರೆಯಲು ಹನ್ನೊಂದು ದಿನ ಹಿಡಿಯಿತು. ಇಬ್ಬರ ಬಾಕಿಯನ್ನು ಅವರ ಬಾಯಿಮಾತಿನ ಮೇಲೆಯೇ ಬರೆದುಕೊಂಡೆ. ಆದ್ದರಿಂದ ವ್ಯಾಪಾರಿ ಮಿತ್ರರಲ್ಲಿ ಅರಿಕೆ: ಲೆಕ್ಕದ ಎರಡು ಪ್ರತಿ ಹೊರಗಿಡದೆ ಈ ಕೆಲಸಕ್ಕೆ ಇಳಿಯಬೇಡಿ.

ಹಾಗಾದರೆ ಈಗ ಎಲ್ಲ ಸಲೀಸೇ? ಅಲ್ಲ. ಜಿಎಸ್‌ಟಿ ಜಾಲತಾಣ, ಇ-ವೇ ಬಿಲ್ಲು ಬ್ರೌಸರಿನಲ್ಲಿ ಆಗುತ್ತವೆ. ಟ್ಯಾಲಿ ಮಾತ್ರ ವಿಂಡೋಸಿಗಾಗಿ ಮಾಡಿದ್ದು. ಅದಕ್ಕೆಂದು ಅಣ್ಣನ ಲ್ಯಾಪ್‌ಟಾಪಿಗೆ ಹೋಗುತ್ತೇನೆ. ಟ್ಯಾಲಿಯನ್ನೇ ನಂಬಿದ ಅಂಗಡಿಯವರು ಇರುವ ಒಂದೇ ಯಂತ್ರವನ್ನು ಬದಲಿಸುವುದು ಜಾಣತನವಲ್ಲ ಎಂಬುದೇ ನನ್ನ ಅಭಿಪ್ರಾಯ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಟ್ಯಾಲಿಯಲ್ಲ, ನಮ್ಮೂರ ವಾಚನಾಲಯದ ಕಡತಗಳು. 2003ರಿಂದ ನಾನು ಅದರ ಕಾರ್ಯದರ್ಶಿ. ಸಭೆಯ ನಡಾವಳಿ, ಪುಸ್ತಕಗಳ ಪಟ್ಟಿ, ಕನ್ನಡ ಶಿಕ್ಷಕರನ್ನು ನೇಮಿಸಿ ಎಂದು ಬರೆದ ಮನವಿಗಳು, ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ ಸಿಡಿಯಲ್ಲಿಟ್ಟಿದ್ದೆ. ಲಿನಕ್ಸಿನಲ್ಲಿ ತೆರೆದರೆ ಒಂದಕ್ಷರ ಕನ್ನಡ ಇಲ್ಲ, ಇಂಗ್ಲಿಷ್ ಅಕ್ಷರಗಳ ಕಿಚಡಿ! ನಾನು ಲಿನಕ್ಸನ್ನು ಬೈದೆ. ಸೊಸೆ ಅದೇ ಕಡತವನ್ನು ನನ್ನ ಫೋನಿನಲ್ಲಿ ತೆರೆದು ತೋರಿಸಿದಳು. ಅಲ್ಲೂ ಕಿಚಡಿಯೇ.

ಕಾರಣ ಸರಳ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ. ಯುನಿಕೋಡಿನಲ್ಲಾದರೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇರುತ್ತದೆ; ಯಾವ ಯಂತ್ರದಲ್ಲಿಯೂ ಅದು ಕನ್ನಡವೇ. ಅಂದರೆ ಇಪ್ಪತ್ತು ವರ್ಷ ನಾನು ಬರೆದದ್ದು ಒಂದು ಫಾಂಟು ಇರುವವರೆಗೆ ಮಾತ್ರ ಕನ್ನಡವಾಗಿತ್ತು. ಗಡಿನಾಡಿನ ಎಷ್ಟು ಸಂಘಗಳ, ಯಕ್ಷಗಾನ ಮಂಡಳಿಗಳ, ಶಾಲೆಗಳ ದಾಖಲೆ ಹೀಗೆ ಬಿದ್ದಿದೆಯೋ! ನಮ್ಮ ಹಕ್ಕಿಗೆ ಸಾಕ್ಷಿ ಕೇಳುವ ದಿನ ಇಂಥ ಕಿಚಡಿಯನ್ನು ತೋರಿಸುವುದು ಹೇಗೆ?

ಹಳೇ ಫಾಂಟಿನಿಂದ ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ನುಡಿಯ ಕಗಪ ಕೀಲಿ ವಿನ್ಯಾಸವೂ ಲಿನಕ್ಸಿನಲ್ಲಿದೆ, ಬೆರಳಿಗೆ ಹೊಸ ಪಾಠ ಬೇಡ. ಆದರೆ ಪರಿವರ್ತನೆಯಲ್ಲಿ ಅಲ್ಲಲ್ಲಿ ಒತ್ತು, ಅರ್ಕಾವತ್ತು ಜಾರುತ್ತವೆ. ಕನ್ನಡ ಬಲ್ಲವರು ಕುಳಿತು ಓದಲೇಬೇಕು.

ಈಗ ಭಾನುವಾರ ಮಧ್ಯಾಹ್ನ ನಮ್ಮದು ಅದೇ ಕೆಲಸ. ಸೊಸೆ ಗಟ್ಟಿಯಾಗಿ ಓದುತ್ತಾಳೆ, ನಾನು ತಿದ್ದುತ್ತೇನೆ. 2009ರ ಮಹಾಸಭೆಯವರೆಗೆ ಬಂದಿದ್ದೇವೆ. ಆಗ ಹಾಜರಿದ್ದ ಇಪ್ಪತ್ತಾರು ಮಂದಿಯಲ್ಲಿ ಒಂಬತ್ತು ಮಂದಿ ಈಗಿಲ್ಲ. "ಇವರು ಯಾರು ಮಾವ?" ಎಂದು ಅವಳು ಪ್ರತಿ ಹೆಸರಿಗೂ ನಿಲ್ಲಿಸುತ್ತಾಳೆ. ಕೆಲಸ ನಿಧಾನ.